ಸಾವಿನ ಮನೆಗೆ 23ನೇ ಕೀರ್ತನೆ ಒಂದೇ ಸಾಕೆ? ಭೇಟಿ ತಂಡದ ಹಾಳೆಗೆ ಏನೇನು ಬೇಕು

ಹೊಳೆದಂಡೆ (ಚರ್ಚೆ ಆರಂಭಿಸಿದವರು)

ಸಭೆಯ ಭೇಟಿ ತಂಡಕ್ಕೆ ಎರಡು ಬದಿಯ ಒಂದು ಹಾಳೆ ತಯಾರಾಗಬೇಕು. ತಂಡದಲ್ಲಿ ಎಂಟು ಜನ. ದೇವಶಾಸ್ತ್ರ ಓದಿದವರು ಯಾರೂ ಇಲ್ಲ. ಈಗಿನ ರೂಢಿ ಎಲ್ಲರಿಗೂ ಗೊತ್ತು: ಹೋಗುವುದು, ಸತ್ಯವೇದದ (ಬೈಬಲಿನ) 23ನೇ ಕೀರ್ತನೆ ಓದುವುದು, ಒಂದು ಹಾಡು, ಉದ್ದನೆಯ ಪ್ರಾರ್ಥನೆ, ಚಹಾ ಕುಡಿದು ಎದ್ದು ಬರುವುದು. ಮನೆಯವರು ಆ ಅರ್ಧ ಗಂಟೆ ಗೋಡೆ ನೋಡುತ್ತ ಕೂತಿರುತ್ತಾರೆ.

ಬೇಕಿರುವುದು ಇಷ್ಟು. ಯಾವ ಭಾಗ ಓದಬೇಕು, ಹೇಗೆ ಓದಬೇಕು, ಏನನ್ನು ಹೇಳಲೇಬಾರದು, ಮಣ್ಣಾದ ಮೇಲಿನ ತಿಂಗಳುಗಳಲ್ಲಿ ಏನು ಮಾಡಬೇಕು. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಕಥೋಲಿಕ, ಪೆಂತೆಕೊಸ್ತ, ಯಾವ ಕಡೆಯಿಂದ ಬಂದರೂ ಸರಿ, ಬರೆಯಿರಿ. ಅನುಭವ ಕಥನ ಬೇಡ, ಕೈಗೆ ಹತ್ತುವ ವಿವರ ಬೇಕು.

ಪ್ರಲಾಪ_ಓದುಗ

23 ಬಿಡಬೇಡಿ, ಆದರೆ ಅದರಿಂದ ಶುರು ಮಾಡಬೇಡಿ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳಿನವು. ನಮ್ಮ ಭಾನುವಾರದ ಆರಾಧನೆಯಲ್ಲಿ ಅವು ಬಹುತೇಕ ಕೇಳಿಸುವುದೇ ಇಲ್ಲ. ಹೀಗಾಗಿ ಸಾವು ಬಂದಾಗ ಜನರಿಗೆ ದೇವರ ಮುಂದೆ ಆಡಲು ಮಾತಿಲ್ಲ. ಸ್ತುತಿಯ ಮಾತು ಬಾಯಿಗೆ ಬರುವುದಿಲ್ಲ, ದೂರುವ ಮಾತು ಪಾಪ ಅಂದುಕೊಂಡಿರುತ್ತಾರೆ.

ಗೋಳಿನ ಕೀರ್ತನೆಗೆ ಒಂದು ಕಟ್ಟಡ ಇದೆ. ಅದು ಗೊತ್ತಾದರೆ ಓದುವುದು ಸುಲಭ. ಕೂಗು, ದೂರು, ಬೇಡಿಕೆ, ಭರವಸೆ, ಹರಕೆ. ಎಲ್ಲದರಲ್ಲೂ ಐದೂ ಇರುವುದಿಲ್ಲ, ಇದೇ ಕ್ರಮದಲ್ಲೂ ಇರುವುದಿಲ್ಲ. ಕಲಿಯಲು ಹೇಳಿ ಮಾಡಿಸಿದ್ದು 13ನೇ ಕೀರ್ತನೆ. ಒಟ್ಟು 6 ವಚನ. 1 ಮತ್ತು 2ರಲ್ಲಿ ದೂರು ಇದೆ, ಮೂಲದಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 3 ಮತ್ತು 4ರಲ್ಲಿ ಬೇಡಿಕೆ. 5 ಮತ್ತು 6ರಲ್ಲಿ ಭರವಸೆ, ಹಾಡುತ್ತೇನೆಂಬ ಹರಕೆ. ಅವಸರವಿಲ್ಲದೆ ಓದಿದರೂ ಒಂದೂವರೆ ನಿಮಿಷ ದಾಟುವುದಿಲ್ಲ.

ಓದುವ ಕ್ರಮ: 2ನೇ ವಚನ ಮುಗಿದ ಮೇಲೆ ನಿಲ್ಲಿಸಿ. ಮನಸ್ಸಿನಲ್ಲೇ 20 ಎಣಿಸಿ. ಸಾಮಾನ್ಯವಾಗಿ ಅಳು ಬರುವುದು ಅಲ್ಲಿ. ಬಂದರೆ ಬರಲಿ, ಮೇಲಿಂದ ಮೇಲೆ ಓದಿಕೊಂಡು ಹೋಗಬೇಡಿ. ಅಳು ತಾನಾಗಿ ಇಳಿದ ಮೇಲೆ 3ಕ್ಕೆ ಬನ್ನಿ. 5ಕ್ಕೆ ದನಿ ಏರಿಸಬೇಡಿ. ಬಹಳ ಜನ ಎಡವುವುದು ಇಲ್ಲೇ. ಭರವಸೆಯ ಸಾಲು ಬಂತೆಂದರೆ ಓದುವವರ ದನಿ ಪ್ರಸಂಗಿಯ ದನಿ ಆಗುತ್ತದೆ, ಕೂತವರಿಗೆ "ಅಳು ನಿಲ್ಲಿಸಿ" ಅಂತ ಕೇಳಿಸುತ್ತದೆ.

"ಸೆಲಾ" ಅಂತ ಕಂಡಲ್ಲೆಲ್ಲ ಬಾಯಿಬಿಟ್ಟು ಓದುವವರಿದ್ದಾರೆ. ಅದರ ಅರ್ಥ ಖಚಿತವಿಲ್ಲ, ಹಾಡುಗಾರರಿಗೆ ಕೊಟ್ಟ ಸೂಚನೆ ಇರಬೇಕು. ಅಲ್ಲಿ ಒಂದು ಉಸಿರು ಬಿಡಿ, ಸಾಕು.

ಇನ್ನು ಆಯ್ಕೆ. ದೀರ್ಘ ಕಾಯಿಲೆಯಿಂದ ಸಾವಾಗಿದ್ದರೆ 6 ಅಥವಾ 102. ರಾತ್ರಿ ನಿದ್ದೆ ಹತ್ತದವರಿಗೆ 77 ಹಾಗೂ 130. 130ರಲ್ಲಿ ಬೆಳಗಾಗುವುದನ್ನು ಕಾಯುವ ಕಾವಲುಗಾರರ ಮಾತು ಒಂದೇ ವಚನದಲ್ಲಿ ಎರಡು ಸಲ ಬರುತ್ತದೆ, ಎರಡನ್ನೂ ಓದಿ. ಅಚ್ಚಿನ ತಪ್ಪು ಅಂದುಕೊಂಡು ಒಂದನ್ನು ಹಾರಿಸಬೇಡಿ, ಕಾಯುವುದು ಎಷ್ಟು ಉದ್ದ ಅನ್ನುವುದೇ ಆ ಎರಡನೇ ಸಲದಲ್ಲಿದೆ. 42 ಮತ್ತು 43 ಒಂದೇ ಹಾಡು. ಪಲ್ಲವಿ 42:5, 42:11, 43:5ರಲ್ಲಿ ಮೂರು ಸಲ ಬರುತ್ತದೆ. ಪಲ್ಲವಿಯನ್ನು ಮನೆಯವರು, ಉಳಿದದ್ದನ್ನು ನೀವು ಓದಬಹುದು.

88 ಬೇರೆಯೇ ಜಾತಿ. ಅದರಲ್ಲಿ ತಿರುವೇ ಇಲ್ಲ. 18 ವಚನ, ಮೂಲದ ಕೊನೆಯ ಪದ "ಕತ್ತಲೆ". ಮೊದಲ ದಿನಕ್ಕೆ ಬೇಡ. ಮೂರು ನಾಲ್ಕು ವಾರ ಕಳೆದು, "ಪ್ರಾರ್ಥನೆ ಮಾಡಿದರೂ ಗೋಡೆಗೆ ಹೇಳಿದ ಹಾಗೆ" ಅಂತ ಯಾರಾದರೂ ಅಂದಾಗ ಇದನ್ನು ತೆರೆಯಿರಿ. ಅದೇ ಮಾತನ್ನು ಸತ್ಯವೇದ ತನ್ನೊಳಗೆ ಇಟ್ಟುಕೊಂಡಿದೆ ಅಂತ ಕಂಡಾಗ ಆಗುವ ಬಿಡುಗಡೆ ಬೇರೆ ಯಾವ ಬುದ್ಧಿಮಾತಿನಿಂದಲೂ ಆಗದು.

ಹಳೆಗನ್ನಡಿ

23ರ ಬಗ್ಗೆ ಒಂದು ಸೂಕ್ಷ್ಮ. ಮೊದಲ ಮೂರು ವಚನ ದೇವರನ್ನು "ಆತನು" ಅನ್ನುತ್ತವೆ. 4ನೇ ವಚನದಲ್ಲಿ ಕಾರ್ಗತ್ತಲಿನ ಕಣಿವೆ ಬಂದ ತಕ್ಷಣ "ನೀನು" ಆಗುತ್ತದೆ. ಹುಲ್ಲುಗಾವಲಲ್ಲಿ ದೇವರ *ಬಗ್ಗೆ* ಮಾತು, ಕಣಿವೆಯಲ್ಲಿ ದೇವರ *ಜೊತೆ* ಮಾತು. ಓದುವಾಗ ಆ ತಿರುವಿನಲ್ಲಿ ಒಂದು ಕ್ಷಣ ನಿಂತರೆ ಸಾಕು, ವಿವರಣೆ ಬೇಡ. ಕಂಠಪಾಠವಾಗಿ ಸವೆದುಹೋದ ಕೀರ್ತನೆ ಮತ್ತೆ ಕೇಳಿಸತೊಡಗುತ್ತದೆ.

ಭಾಷಾಂತರದ ವಿಚಾರವೂ ಹಾಳೆಯಲ್ಲಿ ಇರಲಿ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕಾಲದಿಂದ ಶುರುವಾಗಿ ತಿದ್ದುತ್ತ ಬಂದ ಹಳೆಯ ಸತ್ಯವೇದದ ಕನ್ನಡ ಅಜ್ಜ ಅಜ್ಜಿಯರ ಕಿವಿಯಲ್ಲಿ ಕೂತಿದೆ. ಅವರಿಗೆ ಅದನ್ನೇ ಓದಿ. ಹೊಸದನ್ನು ಓದಿದರೆ ಅರ್ಥವಾಗುತ್ತದೆ, ಆದರೆ ತಟ್ಟುವುದಿಲ್ಲ. ಇಪ್ಪತ್ತರ ಹುಡುಗರಿಗೆ ತಿರುಗುಮುರುಗು. 56:8ರಲ್ಲಿ ದೇವರು ನಮ್ಮ ಕಣ್ಣೀರನ್ನು "ಬುದ್ದಲಿ"ಯಲ್ಲಿ ತುಂಬಿಡುತ್ತಾನೆ ಅಂತ ಓದಿದರೆ ಮಿಕಿಮಿಕಿ ನೋಡುತ್ತಾರೆ. ಬುದ್ದಲಿ ಅಂದರೆ ತೊಗಲಿನ ಚೀಲ, ನೀರು ಅಪರೂಪವಾದ ಸೀಮೆಯಲ್ಲಿ ಒಂದು ಹನಿಯೂ ಚೆಲ್ಲದಂತೆ ಹೊತ್ತೊಯ್ಯುವ ಪಾತ್ರೆ. ಇಷ್ಟನ್ನು ಓದುವ ಮೊದಲೇ ಹೇಳಿ, ನಡುವೆ ನಿಲ್ಲಿಸಿ ಪಾಠ ಮಾಡಬೇಡಿ.

ಕಥೋಲಿಕ ಮನೆಗೆ ಹೋದರೆ ಮಾತು ಬದಲಾಗುತ್ತದೆ. ನಮ್ಮ "ಸುವಾರ್ತೆ" ಅಲ್ಲಿ "ಶುಭಸಂದೇಶ", "ಯೆಹೋವ" ಅಲ್ಲಿ "ಸರ್ವೇಶ್ವರ", "ಅರಣ್ಯಕಾಂಡ" (ಸತ್ಯವೇದದ ನಾಲ್ಕನೇ ಪುಸ್ತಕ) ಅಲ್ಲಿ "ಸಂಖ್ಯಾಕಾಂಡ". ಅವರ ಪುಸ್ತಕವನ್ನೇ ಕೇಳಿ ತೆಗೆದುಕೊಂಡು ಓದಿ. ಇನ್ನೊಂದು ಗೊಂದಲ ಸಂಖ್ಯೆಯದು. ಹಳೆಯ ಲತೀನ್ ಎಣಿಕೆ ಅನುಸರಿಸುವ ಪ್ರಾರ್ಥನಾ ಪುಸ್ತಕಗಳಲ್ಲಿ ನಮ್ಮ 130 ಅವರ 129, ನಮ್ಮ 23 ಅವರ 22. ಕಾರಣ, ಆ ಎಣಿಕೆಯಲ್ಲಿ 9 ಮತ್ತು 10 ಸೇರಿ ಒಂದೇ. ಹೊಸ ಮುದ್ರಣಗಳಲ್ಲಿ ಈ ತೊಡಕು ಇಲ್ಲ. ಆದರೂ ಸಂಖ್ಯೆ ಹೇಳುವ ಬದಲು ಮೊದಲ ಸಾಲು ಹೇಳಿದರೆ ಎಲ್ಲರೂ ಒಂದೇ ಪುಟ ತೆರೆಯುತ್ತಾರೆ.

ಸ್ತುತಿಬಲಿ

ನನಗೆ ತಕರಾರಿದೆ. 1 ಥೆಸಲೋನಿಕ 5:18 ಎಲ್ಲಾ ಸ್ಥಿತಿಯಲ್ಲೂ ಸ್ತೋತ್ರ ಮಾಡಿರಿ ಅನ್ನುತ್ತದೆ. ಅರಣ್ಯದಲ್ಲಿ ಗೊಣಗಿದ ಇಸ್ರಾಯೇಲ್ಯರಿಗೆ ಏನಾಯಿತು ಅಂತ ಅರಣ್ಯಕಾಂಡ 14ರಲ್ಲಿ ಇದೆ. ದುಃಖದಲ್ಲಿರುವವರ ಬಾಯಿಗೆ ದೂರು ಕೊಟ್ಟರೆ ಅದೇ ಅಭ್ಯಾಸವಾಗಿ ನಂಬಿಕೆ ಸಡಿಲವಾಗುವುದಿಲ್ಲವೇ? ಜನರಿಗೆ ಬಲ ಬೇಕು, ಇನ್ನಷ್ಟು ಗೋಳಲ್ಲ.

ಪ್ರಲಾಪ_ಓದುಗ

ಅರಣ್ಯಕಾಂಡ 14ರ ಜೊತೆ 11 ಕೂಡ ಓದಿ. 14ರಲ್ಲಿ ಜನ ಮೋಶೆ ಆರೋನರ ವಿರುದ್ಧ, ದೇವರ ಬೆನ್ನ ಹಿಂದೆ, ತಮ್ಮತಮ್ಮಲ್ಲಿ ಮಾತಾಡಿಕೊಂಡು, ಐಗುಪ್ತಕ್ಕೆ ಹಿಂದಿರುಗೋಣ ಅಂದರು. 11:11ರಿಂದ 15ರಲ್ಲಿ ಮೋಶೆಯೇ ದೇವರ ಮುಖಕ್ಕೆ ನೇರವಾಗಿ ಹೇಳುತ್ತಾನೆ: ಈ ಭಾರ ನನ್ನಿಂದ ಆಗದು, ಹೀಗೇ ನಡೆಸುವುದಾದರೆ ನನ್ನನ್ನು ಕೊಂದುಬಿಡು. ಅವನಿಗೆ ಶಿಕ್ಷೆ ಆಗಲಿಲ್ಲ. ಭಾರ ಹೊರಲು 70 ಮಂದಿ ಹಿರಿಯರನ್ನು ಕೊಟ್ಟ. ಗೊಣಗಾಟ ದೇವರಿಂದ ದೂರ ಸರಿಯುತ್ತ ಆಡುವ ಮಾತು. ಗೋಳು ದೇವರ ಸೆರಗು ಹಿಡಿದು ಆಡುವ ಮಾತು.

ಶಿಲುಬೆಯ ಮೇಲೆ ಯೇಸು ಎತ್ತಿಕೊಂಡದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನು, ಕೈಬಿಟ್ಟದ್ದೇಕೆ ಎಂಬ ಪ್ರಶ್ನೆಯನ್ನು. ಮತ್ತಾಯ, ಮಾರ್ಕ ಇಬ್ಬರೂ ಅದನ್ನು ಆತ ಆಡಿದ ಭಾಷೆಯಲ್ಲೇ ಉಳಿಸಿಟ್ಟು ಆಮೇಲೆ ಅರ್ಥ ಬರೆದರು.

ಸ್ತುತಿಬಲಿ

ಮೋಶೆಯ ಮಾತು ಒಪ್ಪುತ್ತೇನೆ. ಆದರೆ ಎಫೆಸ 5:20 "ಎಲ್ಲಾ ಕಾರ್ಯಗಳಿಗೋಸ್ಕರವೂ" ಸ್ತೋತ್ರ ಅನ್ನುತ್ತದೆ, ಅದನ್ನು ಮರೆಮಾಡಬೇಡಿ. ಹಾಳೆಯಲ್ಲಿ ಒಂದು ಸಾಲು ಸೇರಿಸಿ: ಮನೆಯವರೇ ಸ್ತುತಿಗೀತೆ ಕೇಳಿದರೆ ಹಾಡಿ. ಸಭ್ಯತೆಗೆಂದು ಮುಖ ಸಣ್ಣ ಮಾಡಿಕೊಂಡು ಕೂರುವುದೂ ನಾಟಕವೇ.

ಹೊಳೆದಂಡೆ

ಸೇರಿಸಿದೆ. ಹಾಡಿನ ಆಯ್ಕೆ ಮನೆಯವರದು, ತಂಡದ್ದಲ್ಲ.

ಯೋಬ_2_13

"ಏನು ಹೇಳಬಾರದು" ಎಂಬ ಪ್ರಶ್ನೆಗೆ ಬರುತ್ತೇನೆ. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು, ಎಲೀಫಜ, ಬಿಲ್ದದ, ಚೋಫರ, ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಭೇಟಿಗಾರರಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಗೆ 42:7ರಲ್ಲಿ ದೇವರು ಸಿಟ್ಟಾಗುವುದು ದೂರು ಹೇಳಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕೀಲಿಕೆ ಮಾಡಿದ ಈ ಮೂವರ ಮೇಲೆ.

ಕೆಟ್ಟ ಸಮಯದಲ್ಲಿ ಪ್ರಯೋಗಿಸಿದರೆ ಕಲ್ಲಾಗುವ ವಚನಗಳು ಇವು:

ರೋಮಾ 8:28. ಸಕಲವೂ ಒಳ್ಳೆಯದಕ್ಕಾಗಿ ಕೂಡಿ ಬರುತ್ತದೆ ಎಂಬ ಮಾತು ಸತ್ತವರ ಮನೆಯಲ್ಲಿ "ಇದೂ ಒಳ್ಳೆಯದೇ" ಅಂತ ಕೇಳಿಸುತ್ತದೆ. ಎರಡೇ ವಚನ ಮೇಲೆ, 8:26ರಲ್ಲಿ, ಪ್ರಾರ್ಥಿಸಲು ಮಾತೇ ಬಾರದಾಗ ಆತ್ಮನೇ ನರಳಾಟದಿಂದ ನಮ್ಮ ಪರವಾಗಿ ಬೇಡುತ್ತಾನೆ ಅಂತಿದೆ. ಮೊದಲ ವಾರಕ್ಕೆ ಬೇಕಿರುವುದು ಅದು.

1 ಥೆಸಲೋನಿಕ 4:13. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅನ್ನುತ್ತದೆಯೇ ಹೊರತು ದುಃಖಿಸಬೇಡಿ ಅನ್ನುವುದಿಲ್ಲ. ಅರ್ಧ ಓದಿ ಅಳುವವರ ಬಾಯಿ ಮುಚ್ಚಿಸುವುದು ಬಲು ಸಾಮಾನ್ಯ.

1 ಕೊರಿಂಥ 10:13. "ತಾಳಲಾರದ ಕಷ್ಟ ದೇವರು ಕೊಡುವುದಿಲ್ಲ" ಅಂತ ಉದ್ಧರಿಸುತ್ತಾರೆ. ಅಲ್ಲಿನ ಸಂದರ್ಭ ವಿಗ್ರಹಾರಾಧನೆಯ, ದುರಾಶೆಯ ಶೋಧನೆ. ತಾಳಲಾರದ ಕಷ್ಟದ ವಿಷಯ ಬೇಕಾದರೆ 2 ಕೊರಿಂಥ 1:8 ಓದಿ. ಬದುಕುವ ಆಸೆಯನ್ನೇ ಬಿಡುವಷ್ಟು, ಶಕ್ತಿ ಮೀರಿದ ಭಾರ ಬಿತ್ತು ಅಂತ ಪೌಲನೇ ಬರೆದಿದ್ದಾನೆ.

91ನೇ ಕೀರ್ತನೆ. ಕೇಡು ಹತ್ತಿರ ಬಾರದು, ಕಾಲು ಕಲ್ಲಿಗೆ ತಗಲದಂತೆ ದೂತರು ಎತ್ತಿಕೊಳ್ಳುವರು ಅಂತಿದೆ. ರಸ್ತೆ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಮನೆಯಲ್ಲಿ ಇದನ್ನು ಓದುವುದು ಗಾಯಕ್ಕೆ ಉಪ್ಪು ಸವರಿದ ಹಾಗೆ. ಮತ್ತಾಯ 4ರಲ್ಲಿ ಈ ಕೀರ್ತನೆಯನ್ನು ಉದ್ಧರಿಸುವವನು ಸೈತಾನ ಅನ್ನುವುದು ನೆನಪಿರಲಿ.

ಯೋಬ 1:21. ಕೊಟ್ಟವನೂ ತೆಗೆದುಕೊಂಡವನೂ ದೇವರೇ ಎಂಬ ಮಾತನ್ನು ಹೇಳಲು ಹಕ್ಕಿದ್ದದ್ದು ಹತ್ತು ಮಕ್ಕಳನ್ನು ಕಳೆದುಕೊಂಡವನಿಗೆ. ಅವನೂ 3ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ.

"ದೇವರಿಗೆ ಒಂದು ಹೂವು ಬೇಕಿತ್ತು, ಕಿತ್ತುಕೊಂಡ" ಎಂಬುದು ಸತ್ಯವೇದದಲ್ಲಿ ಎಲ್ಲೂ ಇಲ್ಲ. ಮಗುವಿನ ತಾಯಿಗೆ ಅದನ್ನು ಹೇಳಿದರೆ ಆಕೆಗೆ ಉಳಿಯುವುದು ಕಳ್ಳ ದೇವರು. "ಯಾರ ಪಾಪಕ್ಕೆ ಹೀಗಾಯಿತು" ಅಂತ ನೆಂಟರು ಪಿಸುಗುಟ್ಟಿದರೆ ಉತ್ತರ ಸಿದ್ಧವಿರಲಿ: ಯೋಹಾನ 9:3, ಲೂಕ 13:4. ಸಿಲೋವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಅಂತ ಯೇಸು ನೇರವಾಗಿ ಹೇಳಿದ್ದಾನೆ.

ಹಾಗಾದರೆ ಏನು ಹೇಳಬೇಕು? ಸತ್ತವರ ಹೆಸರು ಹೇಳಿ. "ಅವರು" "ತೀರಿಹೋದವರು" ಅನ್ನಬೇಡಿ, ಹೆಸರು ಹಿಡಿದು ಹೇಳಿ. "ಇದಕ್ಕೆ ನನ್ನ ಹತ್ತಿರ ಮಾತಿಲ್ಲ" ಅನ್ನುವುದೂ ಪೂರ್ಣ ವಾಕ್ಯವೇ.

ಕಲ್ಲುಗುಡಿ

ಯೋಹಾನ 11 ಓದಿದರೆ ಇನ್ನೊಂದು ಪಾಠ ಇದೆ. ಮಾರ್ಥ (11:21), ಮರಿಯ (11:32) ಇಬ್ಬರೂ ಯೇಸುವಿಗೆ ಹೇಳಿದ್ದು ಒಂದೇ ಮಾತು: ನೀನು ಇಲ್ಲಿದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ. ಮಾರ್ಥಳಿಗೆ ಪುನರುತ್ಥಾನದ ಮಾತು ಸಿಕ್ಕಿತು. ಮರಿಯಳಿಗೆ ಮಾತು ಸಿಗಲಿಲ್ಲ, ಕಣ್ಣೀರು ಸಿಕ್ಕಿತು. ಒಂದೇ ಮನೆ, ಒಂದೇ ಸಾವು, ಒಂದೇ ದೂರು, ಎರಡು ಬಗೆಯ ಉಪಚಾರ. ಮನೆಯಲ್ಲಿ ಯಾರು ಮಾರ್ಥ, ಯಾರು ಮರಿಯ ಅಂತ ನೋಡಿಕೊಳ್ಳದೆ ಎಲ್ಲರನ್ನೂ ಸಾಲಾಗಿ ಕೂರಿಸಿ ಒಂದೇ ಪ್ರಸಂಗ ಮಾಡುವುದು ವ್ಯರ್ಥ. ಪ್ರಶ್ನೆ ಕೇಳುವವರಿಗೆ ಉತ್ತರ ಕೊಡಿ. ಅಡುಗೆಮನೆ ಮೂಲೆಯಲ್ಲಿ ಕೂತವರ ಪಕ್ಕ ಸುಮ್ಮನೆ ಕೂರಿ. ಹೆಂಗಸರ ಪಕ್ಕ ಹೆಂಗಸರೇ ಕೂರಲಿ, ಅದಕ್ಕೆ ತಂಡದಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಬೇಕೇಬೇಕು.

ಜಪಸರ_ಕರಾವಳಿ

ಕಥೋಲಿಕ ಮನೆಗಳಲ್ಲಿ ಈ ಕೆಲಸದ ಬಹುಪಾಲನ್ನು ಕ್ಯಾಲೆಂಡರೇ ಮಾಡುತ್ತದೆ. ಹಳೆಯ ರೋಮನ್ ಪೂಜಾಗ್ರಂಥದಲ್ಲಿ 3ನೇ, 7ನೇ, 30ನೇ ದಿನಕ್ಕೆ ಬೇರೆಬೇರೆ ಪೂಜೆ ಇತ್ತು. ಈಗ 7ನೇ ದಿನ, ತಿಂಗಳ ಪೂಜೆ, ವರ್ಷದ ಪೂಜೆ ಉಳಿದುಕೊಂಡಿವೆ. 30 ಎಲ್ಲಿಂದ ಬಂತು ಅಂದರೆ ಮೋಶೆಗೆ, ಆರೋನನಿಗೆ ಇಸ್ರಾಯೇಲ್ಯರು 30 ದಿನ ಅತ್ತರು. ನವೆಂಬರ್ 2 ಸಕಲ ಮೃತರ ಸ್ಮರಣೆ, ಆ ತಿಂಗಳು ಪೂರ್ತಿ ಮೃತರಿಗೆ ಮೀಸಲು. ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಹೋಗಿ ಪ್ರಾರ್ಥಿಸುವ ಸಂಪ್ರದಾಯಕ್ಕೆ ಧರ್ಮಸಭೆಯ ವಿಶೇಷ ಮನ್ನಣೆ ಇದೆ.

ಜಪಸರ (ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆ) ಯಾಕೆ ಕೆಲಸ ಮಾಡುತ್ತದೆ ಅಂತ ಹೊರಗಿನವರು ಕೇಳುತ್ತಾರೆ. ಹೊಸ ವಾಕ್ಯ ಕಟ್ಟುವ ಶಕ್ತಿ ದುಃಖದಲ್ಲಿರುವವರಿಗೆ ಇರುವುದಿಲ್ಲ. ಹತ್ತು ಮಣಿಗಳ ಐದು ಸುತ್ತಿನ ಜಪಸರದಲ್ಲಿ 53 ಸಲ "ನಮೋಮರಿಯ" ಪ್ರಾರ್ಥನೆ, ಸುಮಾರು 20 ನಿಮಿಷ. ಬೆರಳಿಗೆ ಕೆಲಸ, ನಾಲಿಗೆಗೆ ಗೊತ್ತಿರುವ ಮಾತು, ಅರ್ಧ ಭಾಗವನ್ನು ಇತರರು ಹೇಳುತ್ತಾರೆ. ನಡುವೆ ದನಿ ಕಟ್ಟಿದರೂ ಪ್ರಾರ್ಥನೆ ನಿಲ್ಲುವುದಿಲ್ಲ. ವಾರದ ಕ್ರಮದಲ್ಲಿ ದುಃಖದ ರಹಸ್ಯಗಳು (ಯೇಸುವಿನ ಯಾತನೆ, ಮರಣದ ಧ್ಯಾನ) ಮಂಗಳವಾರ ಮತ್ತು ಶುಕ್ರವಾರ. ಸಾವಿನ ಮನೆಯಲ್ಲಿ ದಿನ ನೋಡದೆ ಅವನ್ನೇ ಹೇಳಿದರೂ ತಪ್ಪಿಲ್ಲ.

ತೊಡಕಾಗುವುದು ಮಿಶ್ರ ವಿವಾಹದ ಮನೆಗಳಲ್ಲಿ. ಮೃತರಿಗಾಗಿ ಪ್ರಾರ್ಥಿಸುವುದಕ್ಕೆ ನಾವು ತೋರಿಸುವ ಆಧಾರ 2 ಮಕ್ಕಬಿಯರು 12:43-45. ಯೆಹೂದಿ ಸೇನಾನಾಯಕ ಯೂದನು 2000 ಬೆಳ್ಳಿ ನಾಣ್ಯ ಕೂಡಿಸಿ ಸತ್ತ ಸೈನಿಕರಿಗಾಗಿ ಬಲಿಗೆ ಕಳಿಸಿದ ಪ್ರಸಂಗ. ಪ್ರಾಟೆಸ್ಟೆಂಟರ 66 ಪುಸ್ತಕಗಳಲ್ಲಿ ಅದು ಇಲ್ಲ. ಆ ವಾದವನ್ನು ಶವದ ಮುಂದೆ ಎತ್ತಬೇಡಿ. 130ನೇ ಕೀರ್ತನೆ, ಕರ್ತನ ಪ್ರಾರ್ಥನೆ, ಯೋಹಾನ 11 ಇಬ್ಬರಿಗೂ ಸಲ್ಲುತ್ತವೆ, ಅಲ್ಲಿಗೆ ನಿಲ್ಲಿಸಿ.

ವಾರ್ಡ್_ಭೇಟಿ

ಸಾವಿಗೆ ಮುಂಚಿನ ದಿನಗಳೂ ಹಾಳೆಯಲ್ಲಿ ಬರಲಿ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟಫರ್ಸ್ ಆಶ್ರಯಧಾಮ ತೆರೆದ ಸಿಸಿಲಿ ಸಾಂಡರ್ಸ್ ಗಾಢ ನಂಬಿಕೆಯ ಕ್ರೈಸ್ತೆ, ವೈದ್ಯೆ ಕೂಡ. ನೋವಿಗೆ ದೇಹ, ಮನಸ್ಸು, ಸಂಬಂಧ, ಆತ್ಮ ಎಂಬ ನಾಲ್ಕು ಮುಖಗಳಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಆಗದು ಎಂಬುದು ಆಕೆ ಕಲಿಸಿದ್ದು. ಬೆನ್ನು ಸುಡುತ್ತಿರುವವರಿಗೆ ಕೀರ್ತನೆ ಕೇಳಿಸುವುದಿಲ್ಲ. ಮೊದಲು ನರ್ಸನ್ನು ಕರೆಯಿರಿ, ಆಮೇಲೆ ಸತ್ಯವೇದ ತೆರೆಯಿರಿ.

ಮಾರ್ಫೀನ್ ಬೇಡ ಅನ್ನುವ ಮನೆಗಳಿವೆ, ಶಿಲುಬೆಗೆ ಹಾಕುವ ಮುಂಚೆ ಕೊಟ್ಟ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕ್ರಿಸ್ತ ನಿರಾಕರಿಸಿದ ಅಂತ ಮಾರ್ಕ 15:23 ತೋರಿಸುತ್ತಾರೆ. ಅದು ಆತನ ಕೆಲಸ, ರೋಗಿಗೆ ಹಾಕಿದ ನಿಯಮವಲ್ಲ. ಜ್ಞಾನೋಕ್ತಿ 31:6 ಸಾಯುವವನಿಗೆ ಮದ್ಯ ಕೊಡಿ ಅಂತಲೇ ಹೇಳುತ್ತದೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2279ನೇ ಕಂಡಿಕೆಯೂ ನೋವು ನಿವಾರಕವನ್ನು ಒಪ್ಪುತ್ತದೆ.

ಹಾಸಿಗೆ ಪಕ್ಕದ ಕ್ರಮ: ನಿಂತು ಮಾತಾಡಬೇಡಿ, ಕುರ್ಚಿ ಎಳೆದು ಕಣ್ಣಿನ ಮಟ್ಟಕ್ಕೆ ಕೂರಿ. ಪ್ರಾರ್ಥಿಸಲೇ ಅಂತ ಕೇಳಿ, ಬೇಡ ಅಂದರೆ ನಗುತ್ತ ಒಪ್ಪಿ. 10 ನಿಮಿಷ ಸಾಕು. ಒಂದು ವಚನ, ನಾಲ್ಕು ವಾಕ್ಯದ ಪ್ರಾರ್ಥನೆ. ಪ್ರಜ್ಞೆ ಇಲ್ಲದವರ ಮುಂದೆಯೂ ಅವರಿಗೆ ಕೇಳಿಸುತ್ತಿದೆ ಎಂದುಕೊಂಡೇ ಮಾತಾಡಿ. ಆಸ್ತಿ, ಬಿಲ್ಲು, "ಇನ್ನು ಎಷ್ಟು ದಿನ" ಎಲ್ಲ ಹೊರಗಿನ ಕಾರಿಡಾರಿನಲ್ಲಿ. "ಗುಣವಾಗೇ ಆಗುತ್ತದೆ, ನಂಬಿಕೆ ಇಡಿ" ಅಂತ ಭಾಷೆ ಕೊಡಬೇಡಿ. ಗುಣವಾಗದಿದ್ದರೆ ಉಳಿದವರು ಜೀವಮಾನವಿಡೀ ತಮ್ಮ ನಂಬಿಕೆ ಸಾಲಲಿಲ್ಲ ಎಂಬ ಭಾರ ಹೊರುತ್ತಾರೆ. ಮೂರು ಸಲ ಬೇಡಿದರೂ ಪೌಲನನ್ನು ಕಾಡುತ್ತಿದ್ದ ಬಾಧೆ, ಅವನೇ ಮುಳ್ಳು ಅಂದದ್ದು, ಹೋಗಲಿಲ್ಲ, ಅವನ ನಂಬಿಕೆ ಕಡಿಮೆ ಇತ್ತೇ?

ಸಾವಿನ ನಂತರದ ಮೊದಲ ವಾರಕ್ಕೆ ಮಾದರಿ 1 ಅರಸುಗಳು 19. ಸಾಯಬೇಕು ಅಂತ ಜಾಲಿ ಮರದ ಕೆಳಗೆ ಬಿದ್ದ ಪ್ರವಾದಿ ಎಲೀಯನಿಗೆ ದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೆ ರೊಟ್ಟಿ, ನೀರು. ದೇವರ ದನಿ ಕೇಳಿಸಿದ್ದು ಅದಾಗಿ 40 ದಿನಕ್ಕೆ.

ಬುಟ್ಟಿ_ಅಕ್ಕಿ

ಅಡುಗೆಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಮೊದಲ ದಿನ ಹತ್ತು ಮನೆಯಿಂದ ಬಿರಿಯಾನಿ ಬರುತ್ತದೆ, ಐದನೇ ದಿನ ಒಲೆ ತಣ್ಣಗೆ. ಪಾಳಿ ಹಾಕಿ: 14 ದಿನ, ದಿನಕ್ಕೆ ಒಂದೇ ಮನೆ, ಮಧ್ಯಾಹ್ನದ ಊಟ ಮಾತ್ರ. ಗಂಜಿ, ತಿಳಿಸಾರು, ಮೊಸರನ್ನ ಇರಲಿ, ಗಂಟಲಲ್ಲಿ ಇಳಿಯುವಂಥದ್ದು. ಹಿಂದಿರುಗಿಸಬೇಕಾದ ಪಾತ್ರೆ ಕೊಡಬೇಡಿ. "ಏನು ಬೇಕಾದರೂ ಕೇಳಿ" ಅನ್ನಬೇಡಿ, ಯಾರೂ ಕೇಳುವುದಿಲ್ಲ. "ಗುರುವಾರ 11ಕ್ಕೆ ಬಂದು ಬಟ್ಟೆ ಒಗೆದು ಹಾಕುತ್ತೇನೆ" ಅನ್ನಿ.

ಕಾಗದಪತ್ರವೂ ಸೇವೆಯೇ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಮೀರಿದರೆ ದಂಡ, ಓಡಾಟ ಎರಡೂ. ಪ್ರಮಾಣಪತ್ರದ ಐದಾರು ಪ್ರತಿ ತೆಗೆಸಿ. ಬ್ಯಾಂಕು, ವಿಮೆ, ಪಿಂಚಣಿ, ಖಾತೆ ಬದಲಾವಣೆ, ಎಲ್ಲ ಕಡೆ ಕೇಳುತ್ತಾರೆ. ಸಹಿಗೆ ಮುಂಚೆ ಹೆಸರಿನ ಅಕ್ಷರ ಆಧಾರ್ ಜೊತೆ ತಾಳೆ ನೋಡಿ. ದೀಕ್ಷಾಸ್ನಾನದ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು, ನಮ್ಮವರಲ್ಲಿ ಈ ತಾಪತ್ರಯ ಜಾಸ್ತಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರ ಊಟದ ವಿಚಾರಕ್ಕೇ ಏಳು ಮಂದಿಯನ್ನು ಆರಿಸಿದ್ದು.

ಹೊಳೆದಂಡೆ

ಎರಡು ಕಷ್ಟದ ಸಂದರ್ಭ ಉಳಿದಿವೆ. ಗರ್ಭದಲ್ಲೇ ಅಥವಾ ಹುಟ್ಟಿದ ಕೂಡಲೇ ಹೋದ ಮಗು, ಮತ್ತು ಆತ್ಮಹತ್ಯೆ. ಎರಡರಲ್ಲೂ ಸಭೆಯವರು ಹೋಗಲು ಹಿಂಜರಿಯುತ್ತಾರೆ.

ಜಪಸರ_ಕರಾವಳಿ

ಮಗುವಿನ ವಿಷಯ. ದೀಕ್ಷಾಸ್ನಾನ ಆಗಿರಲಿಲ್ಲ, ಹಾಗಾಗಿ ಅಂತ್ಯಕ್ರಿಯೆ ಇಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. 1983ರ ಧರ್ಮಸಭಾ ಕಾನೂನಿನ 1183ನೇ ವಿಧಿಯಂತೆ ತಂದೆತಾಯಿ ದೀಕ್ಷಾಸ್ನಾನ ಕೊಡಿಸಬೇಕೆಂದಿದ್ದ ಮಗುವಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ ಅಂತ್ಯಕ್ರಿಯೆ ಮಾಡಬಹುದು. ಹೆಸರಿಡಿ, ಆ ಹೆಸರಿನಿಂದಲೇ ಪ್ರಾರ್ಥಿಸಿ. "ಇನ್ನೂ ಚಿಕ್ಕ ವಯಸ್ಸು, ಮತ್ತೊಂದು ಆಗುತ್ತದೆ" ಅನ್ನಬೇಡಿ. 70-80 ವರ್ಷದ ಆಯಸ್ಸಿನ ಮಾತಿರುವ 90ನೇ ಕೀರ್ತನೆ ಇಲ್ಲಿ ಬೇಡ, 139:13-16 ಓದಿ. ತಂದೆಯನ್ನು ಮರೆಯಬೇಡಿ, ಎಲ್ಲರೂ ತಾಯಿಯ ಸುತ್ತ ಕೂರುತ್ತಾರೆ, ಆತ ಆಸ್ಪತ್ರೆ ಬಿಲ್ಲು ಕಟ್ಟುತ್ತ ನಿಂತಿರುತ್ತಾನೆ.

ಆತ್ಮಹತ್ಯೆ. 1917ರ ಕಾನೂನು ಅಂತ್ಯಕ್ರಿಯೆ ನಿರಾಕರಿಸುತ್ತಿತ್ತು, 1983ರದು ಆ ಉಲ್ಲೇಖವನ್ನೇ ಕೈಬಿಟ್ಟಿತು. ಧರ್ಮೋಪದೇಶದ 2282, 2283ನೇ ಕಂಡಿಕೆಗಳು ತೀವ್ರ ಮಾನಸಿಕ ಕ್ಷೋಭೆ ಹೊಣೆಯನ್ನು ತಗ್ಗಿಸುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಅನ್ನುತ್ತವೆ. "ನರಕಕ್ಕೆ ಹೋದ" ಎಂಬ ತೀರ್ಪು ಯಾವ ಭೇಟಿಗಾರನ ಅಧಿಕಾರದಲ್ಲೂ ಇಲ್ಲ. ಹೇಗೆ, ಎಲ್ಲಿ ಅಂತ ಕೇಳಬೇಡಿ. ಪೊಲೀಸರು ಈಗಾಗಲೇ ಕೇಳಿರುತ್ತಾರೆ.

ವಾರ್ಡ್_ಭೇಟಿ

ಅದೇ ಮನೆಯಲ್ಲಿ ಉಳಿದವರ ಮೇಲೆ ಕಣ್ಣಿಡಿ. "ನಾನೂ ಅವನ ಹತ್ತಿರ ಹೋಗಬೇಕು" ಎಂಬ ಮಾತು ಬಂದರೆ ಅದು ಭಕ್ತಿಯ ಮಾತೋ, ಯೋಜನೆಯೋ ಅಂತ ನೇರವಾಗಿ ಕೇಳಿ. ಕೇಳಿದರೆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416, ಹಗಲೂ ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ಹಾಳೆಯ ಮೇಲ್ತುದಿಯಲ್ಲಿ ಅಚ್ಚು ಹಾಕಿ.

ಯಾವಾಗ ವೈದ್ಯರ ಬಳಿ ಕಳಿಸಬೇಕು ಅನ್ನುವುದಕ್ಕೂ ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ದೀರ್ಘಕಾಲೀನ ಶೋಕ ಒಂದು ಗುರುತಿಸಿದ ಸ್ಥಿತಿ: ಕನಿಷ್ಠ ಆರು ತಿಂಗಳ ಮೇಲೂ ಹಂಬಲ ಮೊದಲ ವಾರದಷ್ಟೇ ತೀವ್ರವಾಗಿದ್ದು ದಿನದ ಕೆಲಸವೇ ನಡೆಯದಿದ್ದರೆ. ಅಳುವುದು, ಬಟ್ಟೆ ಎತ್ತಿಡಲಾಗದಿರುವುದು, ಹಬ್ಬದ ದಿನ ಕುಸಿಯುವುದು ರೋಗವಲ್ಲ. ಶೋಕಕ್ಕೆ ಐದು ಮೆಟ್ಟಿಲು ಅಂತ ಲೆಕ್ಕ ಹಾಕಬೇಡಿ. 1969ರಲ್ಲಿ ಮನೋವೈದ್ಯೆ ಕ್ಯೂಬ್ಲರ್-ರಾಸ್ ಆ ಹಂತಗಳನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ.

ಹಳೆಗನ್ನಡಿ

ಅಳು ನಂಬಿಕೆಯ ಕೊರತೆ ಅನ್ನುವವರಿಗೆ ಒಂದು ಹಳೆಯ ಸಾಕ್ಷಿ. 387ರಲ್ಲಿ ಓಸ್ತಿಯಾ ಬಂದರಿನಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಸಂತ ಅಗಸ್ಟೀನ ಕಣ್ಣೀರು ತಡೆಹಿಡಿದ, ಬಿಕ್ಕಿದ ಮಗನನ್ನೂ ಸುಮ್ಮನಾಗಿಸಿದರು. ಗೆಳೆಯನೊಬ್ಬ ಕೀರ್ತನೆ ಎತ್ತಿಕೊಂಡ, ಮನೆಯವರೆಲ್ಲ ದನಿಗೂಡಿಸಿದರು. ಅಗಸ್ಟೀನ ಆಮೇಲೆ ಸ್ನಾನ ಮಾಡಿದರೆ ದುಃಖ ಹೋದೀತು ಅಂತ ಸ್ನಾನಕ್ಕೂ ಹೋದ. ಹೋಗಲಿಲ್ಲ. ಮಲಗಿ ಎದ್ದ ಮೇಲೆ ಸ್ವಲ್ಪ ಹಗುರಾಯಿತು, ಕಡೆಗೆ ದೇವರ ಮುಂದೆ ಅತ್ತ. ತನ್ನ ಆತ್ಮನಿವೇದನೆಯ ಒಂಬತ್ತನೇ ಭಾಗದಲ್ಲಿ ಇದನ್ನೆಲ್ಲ ಮುಚ್ಚಿಡದೆ ಬರೆದಿದ್ದಾನೆ. ಕೀರ್ತನೆ, ನೀರು, ನಿದ್ದೆ, ಕಣ್ಣೀರು. ಎಲೀಯನ ಪಟ್ಟಿಗೆ ಹತ್ತಿರವೇ ಇದೆ.

ಹೊಳೆದಂಡೆ

ಕರಡು ಹಾಕುತ್ತೇನೆ.

ಮೇಲ್ತುದಿ: 14416. ಮೊದಲ ದಿನ: ಇಬ್ಬರು ಅಥವಾ ಮೂವರು, 20 ನಿಮಿಷ, ಹೆಸರು ಹೇಳಿ, 13ನೇ ಕೀರ್ತನೆ, ನಾಲ್ಕು ವಾಕ್ಯದ ಪ್ರಾರ್ಥನೆ. ಮೊದಲ ವಾರ: ಊಟದ ಪಾಳಿ, ರೋಮಾ 8:26, ನೋಂದಣಿ ಕಾಗದ. 2ರಿಂದ 4ನೇ ವಾರ: ವಾರಕ್ಕೊಂದು ಭೇಟಿ, 42-43, 77, 130, ಕೇಳಿದರೆ 88, ಅದರ ನಂತರ 23. ಆಮೇಲೆ ತಿಂಗಳಿಗೊಮ್ಮೆ, 12 ತಿಂಗಳು. ದಿನಾಂಕ ಬರೆದಿಡುವುದು: ಸತ್ತವರ ಹುಟ್ಟುಹಬ್ಬ, ಮದುವೆ ದಿನ, ಮೊದಲ ಕ್ರಿಸ್ಮಸ್, ನವೆಂಬರ್ 2, ವರ್ಷದ ದಿನ. ಹಿಂಬದಿಯಲ್ಲಿ ಹೇಳಬಾರದ ಮಾತುಗಳು.

ಕಲ್ಲುಗುಡಿ

ಶುಭ ಶುಕ್ರವಾರ ಮತ್ತು ಈಸ್ಟರ್ ನಡುವಿನ ಶನಿವಾರವನ್ನೂ ಬರೆದುಕೊಳ್ಳಿ. ಶುಕ್ರವಾರ ದೇವಾಲಯ ತುಂಬಿರುತ್ತದೆ, ಭಾನುವಾರವೂ. ಮನೆಯಲ್ಲಿ ಸಾವಾದವರು ಇರುವುದು ಆ ಶನಿವಾರದಲ್ಲಿ. ಅವತ್ತು ಯಾರೂ ಹೋಗುವುದಿಲ್ಲ, ನೀವು ಹೋಗಿ.

ಪ್ರಲಾಪ_ಓದುಗ

ಒಂದೇ ತಿದ್ದುಪಡಿ. "88, ಅದರ ನಂತರ 23" ಅಂತ ಹಾಕಿದ್ದೀರಿ. ಆ 23 ತೆಗೆಯಿರಿ. ಕತ್ತಲೆಯಲ್ಲಿ ಮುಗಿಸಿದ ಕೀರ್ತನೆಗೆ ನಾವು ಬಾಲ ಜೋಡಿಸುವುದು ಬೇಡ. ಪ್ರಲಾಪಗಳು ಗ್ರಂಥವೂ ಹಾಗೆಯೇ. 1, 2, 4ನೇ ಅಧ್ಯಾಯಗಳಲ್ಲಿ ಇಬ್ರಿಯ ಅಕ್ಷರಮಾಲೆಯ 22 ಅಕ್ಷರಕ್ಕೆ 22 ವಚನ, 3ರಲ್ಲಿ ಅಕ್ಷರಕ್ಕೆ ಮೂರರಂತೆ 66. ದೇವರ ಕರುಣೆ ಬೆಳಬೆಳಗ್ಗೆ ಹೊಸದಾಗುತ್ತದೆ ಎಂಬ ಪ್ರಸಿದ್ಧ ಮಾತು ಇರುವುದು ನಡುಮಧ್ಯೆ, 3:22-23ರಲ್ಲಿ. ಕೊನೆಯಲ್ಲಲ್ಲ. 5ನೇ ಅಧ್ಯಾಯದಲ್ಲಿ 22 ವಚನ ಇವೆ, ಅಕ್ಷರಕ್ರಮ ಮುರಿದಿದೆ. ಮುಗಿಯುವುದು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಎಂಬ ಅಳುಕಿನಲ್ಲಿ. 88 ಓದಿದ ದಿನ ಪುಸ್ತಕ ಮುಚ್ಚಿ, ಕೈ ಹಿಡಿದು ಕೂತು, ಮುಂದಿನ ಭೇಟಿ ಯಾವ ದಿನ, ಎಷ್ಟು ಗಂಟೆಗೆ ಅಂತ ಹೇಳಿ ಬನ್ನಿ.

ಹೊಳೆದಂಡೆ

ತೆಗೆದೆ. ಆ ಜಾಗದಲ್ಲಿ "ಮುಂದಿನ ಭೇಟಿ: ದಿನ ____ ಗಂಟೆ ____" ಅಂತ ಎರಡು ಖಾಲಿ ಗೆರೆ ಹಾಕಿದ್ದೇನೆ. ಶನಿವಾರವೂ ಸೇರಿತು. ಅಕ್ಷರದ ಗಾತ್ರ 12 ಇದ್ದದ್ದು 16ಕ್ಕೆ ಏರಿಸಿದೆ, ಸಾವಿನ ಮನೆಯಲ್ಲಿ ಬೆಳಕು ಕಡಿಮೆ ಇರುತ್ತದೆ.